ಬಂಡೀಪುರದಲ್ಲಿ ಒಂದು ಹಗಲು

ವಿಜಯನಗರದ ನಮ್ಮ ಮನೆಯ ಹಜಾರದಲ್ಲಿ ಸಂಜೆಯ ಹೊತ್ತು ಸಿಂಹಗಳು ಗರ್ಜಿಸುವುದುಂಟು. ದಾರಿಹೋಕರು ಗಾಬರಿಯಾಗಬೇಕಾಗಿಲ್ಲ, ಅವು ದೂರದರ್ಶನದ ಪೆಟ್ಟಿಗೆಯೊಳಗಿನ ಸಿಂಹಗಳು. ನನ್ನ ಮೊಮ್ಮಗಳಿಗೆ ಆಫ್ರಿಕದ ಕಾಡುಗಳ ಚಿತ್ರವೆಂದರೆ ಊಟ ತಿಂಡಿಗಳ ಪರಿವೆಯೂ ಇರುವುದಿಲ್ಲ. ಟಾಂಜಾನಿಯದ ಸೆರೆಂಗೆಟಿ, ಕೀನ್ಯದ ಮಸಾಯಿ ಮಾರ ಎಂಬ ಹೆಸರುಗಳು ಅವಳಿಗೆ ರಾಜಾಜಿನಗರ, ಬಸವೇಶ್ವರನಗರಗಳಷ್ಟೇ ಪರಿಚಿತ. ಕಣ್ಣು ಹಾಯುವವರೆಗೂ ಹುಲ್ಲುಗಾವಲು. ಮಳೆಯನ್ನೂ ಹೊಸ ಹುಲ್ಲನ್ನೂ ಅರಸುತ್ತ ವರ್ಷ ವರ್ಷವೂ ಸಾಗುವ ಹತ್ತು ಲಕ್ಷಕ್ಕೂ ಮಿಕ್ಕ ವಿಲ್ಡಬೀಸ್ಟ್‌ಗಳ ಮಹಾಯಾತ್ರೆ. ಅವುಗಳ ಹಿಂದೆಯೇ ಹೊಂಚುವ ಸಿಂಹ, ಚಿರತೆ, ಕತ್ತೆಕಿರುಬಗಳು. ಇವನ್ನೆಲ್ಲ ನೋಡಿ ನೋಡಿ ಒಂದು ದಿನ ಅವಳು ಕೇಳಿಯೇಬಿಟ್ಟಳು:

"ತಾತ, ನಾವು ಆಫ್ರಿಕಕ್ಕೆ ಹೋಗುವುದು ಯಾವಾಗ?"

"ನನ್ನ ಪಿಂಚಣಿ ಅಷ್ಟು ದೂರ ನಡೆಯಲಾರದು ಮಗು. ಬಂಡೀಪುರದವರೆಗೆ ನಡೆದೀತು," ಎಂದೆ.

ಮಾತು ಬಾಯಿಂದ ಹೊರಬಿದ್ದ ಮೇಲೆ ನನ್ನ ಎದೆ ಒಮ್ಮೆ ಅಳುಕಿತು. ಬಂಡೀಪುರದ ಆ ದಾರಿಯನ್ನು ನಾನು ತುಳಿದು ಮೂವತ್ತೊಂಬತ್ತು ವರ್ಷಗಳಾಗಿದ್ದವು. ನೆಂಟರಿಷ್ಟರು ಉದಕಮಂಡಲಕ್ಕೆ ಹೊರಟಾಗಲೆಲ್ಲ ಏನಾದರೊಂದು ನೆಪ ಹೇಳಿ ಮನೆಯಲ್ಲಿಯೇ ಉಳಿದಿದ್ದೆ. ಕಾರಣವನ್ನು ಯಾರಿಗೂ ತಿಳಿಸಿರಲಿಲ್ಲ. ಆದರೆ ಮಗುವಿಗೆ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. 2023ರ ಫೆಬ್ರವರಿಯ ಒಂದು ಬೆಳಗ್ಗೆ ನಾವಿಬ್ಬರೂ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಬಸ್ಸು ಹತ್ತಿದೆವು.

ಕೆಂಗೇರಿಯನ್ನು ದಾಟುವವರೆಗೂ ರಸ್ತೆಯ ಆಸುಪಾಸಿನಲ್ಲಿಯೇ ವೃಷಭಾವತಿ ಹರಿಯುತ್ತದೆ. ನೊರೆಗಟ್ಟಿದ ಆ ಕರಿಯ ನೀರನ್ನು ತೋರಿಸಿ, "ಇದೂ ಒಂದು ನದಿ," ಎಂದರೆ ಮೊಮ್ಮಗಳು ನಂಬಲಿಲ್ಲ. ನಾನು ಹುಡುಗನಾಗಿದ್ದಾಗ ವಿಜಯನಗರದಾಚೆ ರಾಗಿಯ ಹೊಲಗಳಿದ್ದವೆಂದೂ, ರಾತ್ರಿ ನಾಯಂಡಹಳ್ಳಿಯ ಕಡೆಯಿಂದ ನರಿಗಳ ಊಳು ಕೇಳುತ್ತಿತ್ತೆಂದೂ ಹೇಳಿದೆ. ಅದನ್ನೂ ಅವಳು ಕಥೆಯೆಂದೇ ತಿಳಿದಳು. ರಾಮನಗರದ ಬಂಡೆಗಳು, ಮಂಡ್ಯದ ಕಬ್ಬಿನ ಗದ್ದೆಗಳು ಹಿಂದಾದವು. ಮೈಸೂರನ್ನು ಬಿಟ್ಟು ನಂಜನಗೂಡಿನ ಬಳಿ ಸೇತುವೆಯನ್ನು ದಾಟುವಾಗ ಕೆಳಗೆ ಕಪಿಲೆ ಹರಿಯುತ್ತಿದ್ದಳು. ಕಬಿನಿ ಎಂದರೂ ಅವಳೇ. ಈ ನೀರನ್ನು ಕಂಡ ಮೇಲೆ, "ಇದು ನದಿ!" ಎಂದು ಮೊಮ್ಮಗಳು ಒಪ್ಪಿಕೊಂಡಳು. ಸಂಜೆಯ ಹೊತ್ತಿಗೆ ಗುಂಡ್ಲುಪೇಟೆಯಾಚೆ, ಕಾಡಿನಂಚಿನ ಮೇಲುಕಾಮನಹಳ್ಳಿಯ ಸಮೀಪದಲ್ಲಿ ಬಿಡಾರ ಮಾಡಿದೆವು.

ಮರುದಿನ ಬೆಳಕು ಹರಿಯುವ ಮುನ್ನವೇ ಎದ್ದು ಸಿದ್ಧರಾದೆವು. ಮಂಜು ಇನ್ನೂ ನೆಲವನ್ನು ಬಿಟ್ಟಿರಲಿಲ್ಲ. ಅರಣ್ಯ ಇಲಾಖೆಯ ಬಸ್ಸಿನಲ್ಲಿ ಇಪ್ಪತ್ತು ಮಂದಿ ಕುಳಿತಿದ್ದೆವು. ಮುಂಭಾಗದಲ್ಲಿ ಚಾಲಕ, ಅವನ ಪಕ್ಕದಲ್ಲಿ ಅರಣ್ಯದ ಕಾವಲುಗಾರರೊಬ್ಬರು. ಸುಮಾರು ಐವತ್ತರ ವಯಸ್ಸು, ಮಿತವಾದ ಮಾತು. "ಯಾರೂ ಕೆಳಗಿಳಿಯಬಾರದು, ಕೂಗಬಾರದು, ತಿನ್ನುವ ಪದಾರ್ಥವನ್ನು ಹೊರಗೆ ಎಸೆಯಬಾರದು. ಇದು ಅವುಗಳ ಮನೆ," ಎಂದಷ್ಟೇ ಅವರು ಹೇಳಿದರು.

ಈ ಕಾಡಿಗೊಂದು ಇತಿಹಾಸವಿದೆ. ಒಂದು ಕಾಲಕ್ಕೆ ಇದು ಮೈಸೂರು ಅರಸರ ಬೇಟೆಯ ಕಾಡು. 1931ರಲ್ಲಿ ಇದರೊಳಗಿನ ಸುಮಾರು 90 ಚದರ ಕಿಲೋಮೀಟರಿನಷ್ಟು ಭಾಗವನ್ನು ಪ್ರಾಣಿಗಳ ರಕ್ಷಣೆಗೆಂದು ಮೀಸಲಿಟ್ಟರು. ಹತ್ತು ವರ್ಷಗಳ ತರುವಾಯ, 1941ರಲ್ಲಿ, ಅದನ್ನು 800 ಚದರ ಕಿಲೋಮೀಟರಿನಷ್ಟು ವಿಸ್ತರಿಸಿ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಕರೆದರು. 1973ರಲ್ಲಿ ಭಾರತ ಸರ್ಕಾರವು ಹುಲಿ ಯೋಜನೆಯನ್ನು ಆರಂಭಿಸಿದಾಗ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದಾಯಿತು. ಹುಲಿಯನ್ನು ಕೊಲ್ಲುವುದು ಪೌರುಷವೆನಿಸಿದ್ದ ನೆಲದಲ್ಲಿಯೇ ಹುಲಿಯನ್ನು ಉಳಿಸುವುದು ಧರ್ಮವೆನಿಸಿತು. ಇದರ ಒಂದು ಮಗ್ಗುಲಿಗೆ ನಮ್ಮ ನಾಗರಹೊಳೆ, ಇನ್ನೊಂದು ಮಗ್ಗುಲಿಗೆ ಕೇರಳದ ವಯನಾಡು, ದಕ್ಷಿಣಕ್ಕೆ ತಮಿಳುನಾಡಿನ ಮುದುಮಲೈ. ನಕಾಶೆಯಲ್ಲಿ ಮೂರು ರಾಜ್ಯಗಳಾದರೂ ಆನೆಗೆ ಅದೆಲ್ಲ ಒಂದೇ ಕಾಡು.

ಬಸ್ಸು ಮಣ್ಣಿನ ದಾರಿಗೆ ಹೊರಳಿತು. ಎಲೆಯುದುರುವ ಕಾಲ. ತೇಗ, ಮತ್ತಿ, ದಿಂಡಲ ಮರಗಳು ಬೋಳಾಗುತ್ತಿದ್ದವು. ಅವುಗಳ ನಡುನಡುವೆ ಮುತ್ತುಗದ ಹೂಗಳು ಕೆಂಡದಂತೆ ಹೊಳೆಯುತ್ತಿದ್ದವು. ಮರಗಳ ಕೆಳಗೆಲ್ಲ ಲಂಟಾನದ ಪೊದೆಗಳು ಹಬ್ಬಿದ್ದವು. ಚೆಲುವಾದ ಹೂವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಹೊರನಾಡಿನಿಂದ ತೋಟಗಳಿಗೆ ತಂದ ಗಿಡವಿದು. ಈಗ ಕಾಡನ್ನು ಹೊಕ್ಕು, ಜಿಂಕೆ ಕಾಟಿಗಳು ಮೇಯುವ ಹುಲ್ಲನ್ನು ಬೆಳೆಯಗೊಡದೆ ನಿಂತಿದೆ. ಬೇಸಗೆಯಲ್ಲಿ ಒಣಗಿದರೆ ಇದೇ ಬೆಂಕಿಗೆ ಸೌದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಹೊತ್ತಿ ಉರಿದುದನ್ನು ಕಾವಲುಗಾರರು ನೆನಸಿಕೊಂಡರು. ಅಂದು ಹಸಿರು ಸೊಪ್ಪಿನ ಕೊಂಬೆಗಳನ್ನು ಹಿಡಿದು ಬೆಂಕಿಯನ್ನು ಬಡಿದವರಲ್ಲಿ ಅವರೂ ಒಬ್ಬರು.

"ತಾತ, ಆಫ್ರಿಕದಲ್ಲಿ ಎಲ್ಲ ಪ್ರಾಣಿಗಳೂ ದೂರದಿಂದಲೇ ಕಾಣುತ್ತವೆ. ಇಲ್ಲಿ ಏನೂ ಕಾಣುವುದಿಲ್ಲವಲ್ಲ?" ಎಂದು ಮೊಮ್ಮಗಳು ಪಿಸುಗುಟ್ಟಿದಳು. ಅವಳ ಮಾತು ನಿಜ. ಅದು ಬಯಲು, ಇದು ಮರೆಯ ಕಾಡು. ಅಲ್ಲಿ ಕಣ್ಣಿಗೆ ಹೆಚ್ಚು ಕೆಲಸ. ಇಲ್ಲಿ ಕಿವಿಗೂ ತಾಳ್ಮೆಗೂ. ಸಫಾರಿ ಎಂಬುದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯ ಮಾತು. ಅದಕ್ಕೆ ಪ್ರಯಾಣವೆಂದು ಅರ್ಥ. ಪ್ರಯಾಣಿಕನು ದಾರಿಯಲ್ಲಿ ಕಂಡುದನ್ನು ಕಾಣಬೇಕೇ ಹೊರತು ಬಯಸಿದುದೇ ಬರಲಿ ಎಂದು ಹಟ ಹಿಡಿಯಬಾರದು.

ತಿರುವೊಂದನ್ನು ದಾಟಿದೊಡನೆ ಬಸ್ಸು ನಿಂತಿತು. ಬಿದಿರ ಮೆಳೆಯ ಬಳಿ ಇಪ್ಪತ್ತು ಮೂವತ್ತು ಜಿಂಕೆಗಳು ಮೇಯುತ್ತಿದ್ದವು. ಎಳೆಬಿಸಿಲು ಅವುಗಳ ಬೆನ್ನಿನ ಬಿಳಿಯ ಚುಕ್ಕೆಗಳ ಮೇಲೆ ಬಿದ್ದು, ನೆಲದ ಬೆಳಕುನೆರಳಿಗೂ ಮೈಯ ಬಣ್ಣಕ್ಕೂ ಭೇದವೇ ತೋರುತ್ತಿರಲಿಲ್ಲ. ಮೇಲಿನ ಮರದಲ್ಲಿ ಕರಿಯ ಮೊಗದ ಮುಸುವಗಳು ಚಿಗುರನ್ನು ಅರ್ಧ ತಿಂದು ಅರ್ಧ ಚೆಲ್ಲುತ್ತಿದ್ದವು. ಚೆಲ್ಲಿದ್ದನ್ನು ಜಿಂಕೆಗಳು ಆಯ್ದು ತಿನ್ನುತ್ತಿದ್ದವು. "ಮೇಲೆ ಮುಸುವ ಕಾವಲು, ಕೆಳಗೆ ಜಿಂಕೆ ಕಾವಲು. ಮುಸುವನ ಕಣ್ಣು ದೂರಕ್ಕೆ ಹೋಗುತ್ತದೆ. ಜಿಂಕೆಯ ಮೂಗು ಗಾಳಿಯನ್ನು ಓದುತ್ತದೆ. ಒಬ್ಬರು ಎಚ್ಚರಿಸಿದರೆ ಇಬ್ಬರೂ ಉಳಿಯುತ್ತಾರೆ," ಎಂದರು ಕಾವಲುಗಾರರು. ಯಾವ ಒಪ್ಪಂದಕ್ಕೂ ಸಹಿ ಹಾಕದೆ ಪ್ರಾಣಿಗಳು ಪಾಲಿಸುತ್ತಿರುವ ಈ ನೆರೆಹೊರೆಯ ಧರ್ಮ ನನ್ನನ್ನು ಬೆರಗುಗೊಳಿಸಿತು.

ಗುಂಪಿನ ಅಂಚಿನಲ್ಲಿ ಒಂದು ಹೆಣ್ಣು ಜಿಂಕೆ ತನ್ನ ಮರಿಯ ಮೈಯನ್ನು ನೆಕ್ಕುತ್ತ ನಿಂತಿತ್ತು. ಮರಿ ತಾಯಿಯ ಕಾಲುಗಳ ನಡುವೆ ನುಸುಳಿ ನಮ್ಮತ್ತ ನೋಡಿತು. ಎಲ್ಲರೂ ಚಿತ್ರ ತೆಗೆಯುವುದರಲ್ಲಿ ಮುಳುಗಿದ್ದರು. ನನಗೆ ಮಾತ್ರ ಅತ್ತ ದೃಷ್ಟಿ ನಿಲ್ಲಿಸಲಾಗಲಿಲ್ಲ. ಮುಖವನ್ನು ಬೇರೆ ಕಡೆಗೆ ತಿರುಗಿಸಿದೆ.

"ಯಾಕೆ ತಾತ?" ಎಂದಳು ಮೊಮ್ಮಗಳು.

"ಏನಿಲ್ಲ, ಬಿಸಿಲು ಕಣ್ಣಿಗೆ ಹೊಡೆಯಿತು," ಎಂದೆ.

ಮುಂದೆ ಒಂದು ತಗ್ಗಿನಲ್ಲಿ ಕಾಟಿಗಳನ್ನು ಕಂಡೆವು. ಎಣ್ಣೆ ಹಚ್ಚಿದಂತೆ ಮಿರುಗುವ ಕಪ್ಪು ಮೈ, ಮೊಣಕಾಲಿನಿಂದ ಕೆಳಗೆ ಬಿಳಿಯ ಕಾಲುಚೀಲ ತೊಟ್ಟಂತಹ ಬಣ್ಣ. ಮುಂದಾಳು ಕಾಟಿ ಒಮ್ಮೆ ತಲೆಯೆತ್ತಿ ನೋಡಿ, ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮತ್ತೆ ಮೇಯತೊಡಗಿತು. ಕೆರೆಯ ದಂಡೆಯಲ್ಲಿ ಐದು ಸೀಳುನಾಯಿಗಳು ನೀರು ಕುಡಿಯುತ್ತಿದ್ದವು. ಕೆಂಚು ಮೈ, ಪೊದೆಯಂತಹ ಕಪ್ಪು ಬಾಲ. ಅವು ನಮ್ಮ ಬೀದಿನಾಯಿಗಳಂತೆ ಬೊಗಳುವುದಿಲ್ಲ. ಸಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತವೆ.

ಆಗಲೇ ದೂರದಿಂದ ಒಂದು ಕೂಗು ಕೇಳಿಬಂತು. ಅದು ಜಿಂಕೆಯ ತೀಕ್ಷ್ಣವಾದ ದನಿ. ಹಿಂದೆಯೇ ಮುಸುವನ ಗದರಿಕೆ. ಚಾಲಕನು ಯಂತ್ರವನ್ನು ನಿಲ್ಲಿಸಿದನು. ಇಪ್ಪತ್ತು ಮಂದಿಯ ಉಸಿರೂ ನಿಂತಂತಾಯಿತು. ಕಾವಲುಗಾರರು ದಾರಿಯ ಹುಡಿಮಣ್ಣಿನತ್ತ ಬೆರಳು ತೋರಿಸಿದರು. ಅಲ್ಲಿ ಅಂಗೈಗಿಂತ ಅಗಲವಾದ ಹೆಜ್ಜೆಯ ಗುರುತುಗಳು ಸಾಲಾಗಿ ಮೂಡಿದ್ದವು. ಉಗುರಿನ ಗುರುತಿಲ್ಲ; ಅಂಚು ಇನ್ನೂ ಉದುರಿಲ್ಲ. "ಹುಲಿ. ಈಗ ತಾನೇ ದಾಟಿದೆ," ಎಂದರು. ಲಂಟಾನದ ಆಚೆ, ಬಹುಶಃ ಐವತ್ತು ಗಜಗಳ ದೂರದಲ್ಲಿ, ಎರಡು ಕಣ್ಣುಗಳು ನಮ್ಮನ್ನು ನೋಡುತ್ತಿದ್ದಿರಬಹುದು. ಕಾಲು ಗಂಟೆ ಕಾದೆವು. ಕೂಗು ನಿಂತಿತು. ಜಿಂಕೆಗಳು ಮತ್ತೆ ಮೇಯತೊಡಗಿದವು. ಹುಲಿ ಕಾಣಲಿಲ್ಲ.

ಹಿಂದಿನ ಆಸನದ ತರುಣನೊಬ್ಬ ಬೇಸರಗೊಂಡು, "ಇಷ್ಟು ಹಣ ಕೊಟ್ಟು ಬಂದು ಹುಲಿಯನ್ನೇ ನೋಡದೆ ಹೋಗುವುದೇ?" ಎಂದು ಗೊಣಗಿದನು. ಕಾವಲುಗಾರರು ತಿರುಗಿ ನೋಡಿ ನಸುನಕ್ಕರು. "ಸ್ವಾಮಿ, ನೀವು ಹಣ ಕೊಟ್ಟದ್ದು ಹುಲಿಗೆ ಗೊತ್ತಿಲ್ಲ," ಎಂದರು. ಬಸ್ಸಿನಲ್ಲಿ ನಗು ಹರಡಿತು. ತರುಣನೂ ನಕ್ಕನು.

ಮಧ್ಯಾಹ್ನ ಮರದ ನೆರಳಿನಲ್ಲಿ ಆ ಕಾವಲುಗಾರರೊಡನೆ ಮಾತಿಗೆ ಕುಳಿತೆವು. ಅವರು ಜೇನುಕುರುಬ ಸಮುದಾಯದವರು. ಅವರ ಹಿರಿಯರು ಈ ಕಾಡಿನೊಳಗೇ ಬಾಳಿದ್ದವರು. ಹುಲಿ ಯೋಜನೆ ಬಂದ ಮೇಲೆ ಕಾಡಿನಂಚಿನ ಹಾಡಿಗೆ ಬಂದವರು. "ಅಪ್ಪನಿಗೆ ಕೊನೆಯವರೆಗೂ ಆ ನೋವು ಇತ್ತು. ಜೇನು ಎಲ್ಲಿ ಕಟ್ಟುತ್ತದೆ, ನೀರು ಎಲ್ಲಿ ಬತ್ತುವುದಿಲ್ಲ ಎಂಬುದನ್ನು ಅವನು ಕಲಿಸಿದ. ಅದನ್ನೇ ಹಿಡಿದುಕೊಂಡು ನಾನು ಕಾವಲು ಮಾಡುತ್ತೇನೆ," ಎಂದು ಅವರು ಯಾವ ಕಹಿಯೂ ಇಲ್ಲದೆ ಹೇಳಿದರು. ಹುಲಿ ಹಸುವನ್ನು ಹೊತ್ತೊಯ್ದ ರೈತನ ದುಃಖವನ್ನೂ, ಆನೆ ತುಳಿದ ಹೊಲದ ನಷ್ಟವನ್ನೂ, ಕೆಲವೊಮ್ಮೆ ಮನುಷ್ಯರೇ ಬಲಿಯಾಗುವುದನ್ನೂ ಹೇಳಿದರು. ದೇಶದ ಹುಲಿಗಳ ಅಂದಾಜು ಸಂಖ್ಯೆ 2006ರಲ್ಲಿ 1,411 ಇದ್ದುದು 2022ರಲ್ಲಿ 3,682ಕ್ಕೆ ಏರಿತು. ಅವುಗಳಲ್ಲಿ 563 ಕರ್ನಾಟಕದವು. ಈ ಅಂಕೆಗಳನ್ನು ಓದಿ ನಗರದಲ್ಲಿ ಕುಳಿತವರು ಹೆಮ್ಮೆಪಡುವುದು ಸುಲಭ. ಆ ಹೆಮ್ಮೆಯ ಬೆಲೆಯನ್ನು ತೆತ್ತವರು ಕಾಡಿನಂಚಿನಲ್ಲಿದ್ದಾರೆ ಎಂಬುದನ್ನು ನಾನು ಅಂದು ಅರಿತೆ.

ಸಂಜೆ ಮತ್ತೊಮ್ಮೆ ಕಾಡಿನೊಳಗೆ ಹೋದೆವು. ಹಿಂದಿರುಗಿ ಹೆದ್ದಾರಿಯನ್ನು ಸೇರುವ ಹೊತ್ತಿಗೆ ಚಾಲಕನು ಸರಕ್ಕನೆ ಬಸ್ಸನ್ನು ನಿಲ್ಲಿಸಿದನು. ರಸ್ತೆಯ ಎಡಬದಿಯಲ್ಲಿ ಆನೆಗಳ ಹಿಂಡೊಂದು ದಾಟಲು ಕಾದಿತ್ತು. ಆನೆಯ ಹಿಂಡಿಗೆ ವಯಸ್ಸಾದ ಹೆಣ್ಣಾನೆಯೇ ಒಡತಿ. ಎಲ್ಲಿ ನೀರಿದೆ, ಯಾವ ದಾರಿ ಕ್ಷೇಮ ಎಂಬುದೆಲ್ಲ ಅವಳ ನೆನಪಿನಲ್ಲಿರುತ್ತದೆ. ಆ ಒಡತಿ ಮುಂಗಾಲನ್ನು ಟಾರಿನ ಮೇಲಿಟ್ಟಳು. ಅಷ್ಟರಲ್ಲಿ ಎದುರಿನಿಂದ ಕಾರೊಂದು ಭರ್ರೆಂದು ಹಾದುಹೋಯಿತು. ಅವಳು ಕಾಲನ್ನು ಹಿಂದಕ್ಕೆಳೆದುಕೊಂಡಳು. ಮತ್ತೊಮ್ಮೆ ಇಟ್ಟಳು, ಲಾರಿಯೊಂದು ಬಂತು, ಮತ್ತೆ ಹಿಂದೆ ಸರಿದಳು. ಹೀಗೆ ಮೂರು ಬಾರಿ ಆಯಿತು. ಹುಟ್ಟಿ ಕೆಲವೇ ತಿಂಗಳಾಗಿದ್ದ ಮರಿಯೊಂದು ಅವಳ ಹೊಟ್ಟೆಯ ಕೆಳಗೆ ನಿಂತಿತ್ತು. ಇಪ್ಪತ್ತೆರಡು ತಿಂಗಳು ಗರ್ಭದಲ್ಲಿ ಹೊತ್ತು ಹೆತ್ತ ಮರಿಯನ್ನು ಅರೆಕ್ಷಣದ ಅವಸರಕ್ಕೆ ಒಪ್ಪಿಸಲು ಯಾವ ತಾಯಿ ಒಪ್ಪಿಯಾಳು?

ನಮ್ಮ ಚಾಲಕನು ಬಸ್ಸನ್ನು ಅಡ್ಡಲಾಗಿ ನಿಲ್ಲಿಸಿ, ಕೈಯನ್ನು ಹೊರಚಾಚಿ ಎರಡೂ ಕಡೆಯ ವಾಹನಗಳನ್ನು ತಡೆದನು. ರಸ್ತೆ ಮೌನವಾಯಿತು. ಒಡತಿ ಸೊಂಡಿಲನ್ನೆತ್ತಿ ಗಾಳಿಯನ್ನು ಮೂಸಿದಳು. ಅನಂತರ ನಿಧಾನವಾಗಿ ದಾಟಿದಳು. ಅವಳ ಹಿಂದೆ ಒಂಬತ್ತು ಆನೆಗಳು, ಮರಿಯನ್ನು ನಡುವೆ ಮಾಡಿಕೊಂಡು ದಾಟಿದವು. ಮರಿ ರಸ್ತೆಯ ಬಿಳಿಯ ಗೆರೆಯ ಬಳಿ ಒಂದು ಕ್ಷಣ ನಿಂತು, ಅದೇನೋ ಎಂಬಂತೆ ಸೊಂಡಿಲಿನಿಂದ ಮುಟ್ಟಿ ನೋಡಿತು. ಹಿಂದಿನ ಆನೆ ಅದನ್ನು ಮೆಲ್ಲಗೆ ತಳ್ಳಿತು. ಎರಡು ನಿಮಿಷಗಳಲ್ಲಿ ಕಾಡು ಅವುಗಳನ್ನು ನುಂಗಿಕೊಂಡಿತು. ನನ್ನ ಕಣ್ಣು ತೇವವಾಗಿತ್ತು.

ರಾತ್ರಿ ಊಟವಾದ ಮೇಲೆ ಮೊಮ್ಮಗಳ ಕೈ ಹಿಡಿದು ತನಿಖಾ ಠಾಣೆಯ ಬಳಿಗೆ ನಡೆದೆ. 9 ಗಂಟೆಗೆ ಸಿಬ್ಬಂದಿ ರಸ್ತೆಗೆ ಅಡ್ಡಗಂಬವನ್ನು ಇಳಿಸಿದರು. ಬಂದ ಲಾರಿಗಳು ಒಂದರ ಹಿಂದೊಂದು ನಿಂತು ದೀಪಗಳನ್ನು ಆರಿಸಿದವು.

"ದಾರಿಯನ್ನು ಯಾಕೆ ಮುಚ್ಚುತ್ತಾರೆ, ತಾತ?"

"ರಾತ್ರಿ ಹೊತ್ತು ಈ ದಾರಿ ಕಾಡಿನದು. ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರವನ್ನು ನಿಷೇಧಿಸಿದರು. ಮರುವರ್ಷ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ತುರ್ತಿನ ವಾಹನಗಳಿಗೆ ದಾರಿ ಉಂಟು."

"ಅದಕ್ಕೆ ಮುಂಚೆ?"

ಈ ಪ್ರಶ್ನೆಗಾಗಿಯೇ ನಾನು ಇಲ್ಲಿಗೆ ಬಂದೆನೋ ಏನೋ! ಹೇಳದಿರಲು ಈಗ ಮನಸ್ಸು ಒಪ್ಪಲಿಲ್ಲ. ದಾರಿಯ ಪಕ್ಕದ ಕಲ್ಲಿನ ಮೇಲೆ ಕುಳಿತು ಅವಳಿಗೆ ಎಲ್ಲವನ್ನೂ ಹೇಳಿದೆ.

ಅದು 1984. ನಾನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದೆ. ನಾಲ್ವರು ಗೆಳೆಯರು ಬಾಡಿಗೆಯ ಕಾರಿನಲ್ಲಿ ಉದಕಮಂಡಲಕ್ಕೆ ಹೋಗಿ ರಾತ್ರಿ ಹಿಂದಿರುಗುತ್ತಿದ್ದೆವು. ಬೆಳಗಿನ ಪಾಳಿಗೆ ನಾನು ಹಾಜರಾಗಬೇಕಾಗಿತ್ತು. ಚಾಲಕರು ಹಿರಿಯರು. "ಕಾಡಿನ ದಾರಿ, ನಿಧಾನವಾಗಿ ಹೋಗೋಣ," ಎಂದರು. "ಹೊತ್ತಾಗುತ್ತದೆ, ಬೇಗ ಓಡಿಸಿ," ಎಂದು ಒತ್ತಾಯಿಸಿದವನು ನಾನು. ತಿರುವಿನಲ್ಲಿ ದೀಪದ ಬೆಳಕಿಗೆ ಒಂದು ಜಿಂಕೆ ಅಡ್ಡವಾಯಿತು. ಬೆಳಕಿಗೆ ಕಣ್ಣು ಕುಕ್ಕಿ ಅದು ಓಡದೆ ನಿಂತುಬಿಟ್ಟಿತು. ಇಳಿದು ನೋಡುವ ಹೊತ್ತಿಗೆ ಅದರ ಪ್ರಾಣ ಹೋಗಿತ್ತು. ರಸ್ತೆಯ ಅಂಚಿನಲ್ಲಿ ಅದರ ಮರಿ ನಿಂತಿತ್ತು. ನಾವು ಹತ್ತಿರ ಹೋದರೂ ಅದು ಓಡಲಿಲ್ಲ, ತಾಯಿಯನ್ನೇ ನೋಡುತ್ತಿತ್ತು. ಚಾಲಕರು ತಲೆಯ ಮೇಲೆ ಕೈಹೊತ್ತು ಕುಳಿತರು. "ಹೋಗೋಣ," ಎಂದವನೂ ನಾನೇ. ಮರುದಿನ ಬೆಳಗ್ಗೆ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಸರಿಯಾದ ಸಮಯಕ್ಕೆ ಸಹಿ ಹಾಕಿದೆ. ಒಂದು ನಿಮಿಷವೂ ತಡವಾಗಿರಲಿಲ್ಲ.

ಮೊಮ್ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಅವಳು ನನ್ನನ್ನು ಸಮಾಧಾನಪಡಿಸುವಳೆಂದು ನಾನು ಎಣಿಸಿದ್ದೆ. ಆದರೆ ಅವಳು ಕೇಳಿದ್ದು ಒಂದೇ ಪ್ರಶ್ನೆ:

"ಆ ಮರಿ ಬದುಕಿತೇ, ತಾತ?"

"ಗೊತ್ತಿಲ್ಲ ಮಗು," ಎಂದೆ. ಅದಕ್ಕಿಂತ ನಿಜವಾದ ಉತ್ತರ ನನ್ನಲ್ಲಿರಲಿಲ್ಲ.

ಅವಳು ನನ್ನ ಕೈಯನ್ನು ಬಿಡಲಿಲ್ಲ. ಅಡ್ಡಗಂಬದ ಆಚೆ ರಸ್ತೆ ಕತ್ತಲೆಯಲ್ಲಿ ಬರಿದಾಗಿ ಮಲಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಅದರ ಮೇಲೆ ಏನೋ ನೆರಳು ಸರಿದಾಡಿತು. ಒಂದು, ಎರಡು, ಮೂರು… ಜಿಂಕೆಗಳು! ಅವು ಅವಸರವಿಲ್ಲದೆ, ತಮ್ಮ ಮನೆಯಂಗಳವನ್ನು ದಾಟುವಂತೆ ದಾಟಿ ಹೋದವು. ಮೊಮ್ಮಗಳು ಬೆರಳು ಮಡಿಸಿ ಎಣಿಸಿದಳು. "ಏಳು, ತಾತ. ಎರಡು ಮರಿಗಳೂ ಇದ್ದವು," ಎಂದಳು.

ಮರುದಿನ ಊರಿಗೆ ಹಿಂದಿರುಗಿದೆವು. ಮನೆಯಲ್ಲಿ ಕೈಕಾಲು ತೊಳೆಯಲು ಕೊಳಾಯಿಯನ್ನು ತಿರುಗಿಸಿದಾಗ ಅವಳಿಗೆ ಒಂದು ಮಾತು ಹೇಳಿದೆ. ಬೆಂಗಳೂರಿಗೆ ಕಾವೇರಿಯ ನೀರು ಬರತೊಡಗಿದ್ದು 1974ರಲ್ಲಿ. ನಾವು ನಂಜನಗೂಡಿನಲ್ಲಿ ದಾಟಿದ ಕಬಿನಿಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಅದರಿಂದ ಕೆಳಗೆ ಶಿವನಸಮುದ್ರದ ಸಮೀಪದಲ್ಲಿ ಎತ್ತಿದ ನೀರೇ ನಮ್ಮ ಕೊಳಾಯಿಗೆ ಬರುತ್ತದೆ. ವಯನಾಡು, ನಾಗರಹೊಳೆ, ಬಂಡೀಪುರಗಳ ಕಾಡು ಮಳೆಯನ್ನು ಹಿಡಿದಿಟ್ಟು ಹೊಳೆಗೆ ಬಿಟ್ಟುಕೊಡದಿದ್ದರೆ ಕಬಿನಿ ಬಡವಾಗುತ್ತಾಳೆ; ನಮ್ಮ ಕೊಳಾಯಿಯೂ ಬಡವಾಗುತ್ತದೆ. ಕಾಡು ದೂರವಿದೆಯೆಂದು ನಾವು ತಿಳಿದಿದ್ದೇವೆ. ಅದು ನಿತ್ಯವೂ ನಮ್ಮ ಮನೆಗೆ ಬಂದು ಹೋಗುತ್ತಿದೆ.

ಅವಳು ಬೊಗಸೆಯಲ್ಲಿ ನೀರು ಹಿಡಿದು ಅದನ್ನೇ ನೋಡಿದಳು. ಅನಂತರ ಕೊಳಾಯಿಯನ್ನು ಬಿಗಿಯಾಗಿ ನಿಲ್ಲಿಸಿದಳು.

ಆ ಪ್ರವಾಸದಲ್ಲಿ ನಾವು ಹುಲಿಯನ್ನು ಕಾಣಲಿಲ್ಲ. ಯಾರಾದರೂ ಕೇಳಿದರೆ ಮೊಮ್ಮಗಳು, "ನಾವು ನೋಡಲಿಲ್ಲ. ಆದರೆ ಹುಲಿ ನಮ್ಮನ್ನು ನೋಡಿತು," ಎನ್ನುತ್ತಾಳೆ. ನಾನು ಕಂಡುದನ್ನು ಕೇಳಿದರೆ, ತೆರೆದ ದಾರಿಗಿಂತ ಹೆಚ್ಚು ಚೆಲುವಾದ, ಮುಚ್ಚಿದ ಒಂದು ದಾರಿಯನ್ನು ಕಂಡೆ ಎಂದು ಹೇಳುತ್ತೇನೆ. ಮನುಷ್ಯನು ತನ್ನ ಅವಸರಕ್ಕೆ ತಾನೇ ಅಡ್ಡಗಂಬವನ್ನು ಇಳಿಸಿಕೊಂಡು ಒಂಬತ್ತು ಗಂಟೆಗಳ ಕಾಲ ಕಾಯುವುದನ್ನು ಕಲಿತಿದ್ದಾನೆ. ನನ್ನ ಯೌವನದಲ್ಲಿ ಆ ಅಡ್ಡಗಂಬ ಇರಲಿಲ್ಲ. ಆದರೆ ಅದಕ್ಕಾಗಿ ಕಾಯಬೇಕಾಗಿರಲಿಲ್ಲ. ಅದನ್ನು ನಾನು ನನ್ನೊಳಗೇ ಇಳಿಸಿಕೊಳ್ಳಬಹುದಾಗಿತ್ತು.